ಬಳೆ ತುಂಬುವವರೆಗೆ

ಪರಮಶಿವಪ್ಪನವರು ಬರುವುದನ್ನು ಕಂಡವರು ಶಿರಾಳಕೊಪ್ಪದಲ್ಲಿ ಕಡಿಮೆ. ಹೋದದ್ದನ್ನು ಕಂಡವರೇ ಹೆಚ್ಚು. ಮೊದಲು ಕಿವಿಗೆ ಬೀಳುವುದು ಜೀರುಗುಟ್ಟುವ ಚಪ್ಪಲಿಯ ಸದ್ದು, ಆಮೇಲೆ ಕಣ್ಣಿಗೆ ಬೀಳುವುದು ಗುಂಡಿ ಹಾಕದ ಕರಿಯ ಕೋಟಿನ ಅಂಚುಗಳೆರಡು ಗಾಳಿಗೆ ಹಿಂದಕ್ಕೆ ಹಾರುತ್ತಿರುವ ದೃಶ್ಯ, ಇನ್ನು ನಮಸ್ಕಾರವೆನ್ನೋಣವೆಂದು ಕೈಯೆತ್ತುವಷ್ಟರಲ್ಲಿ ಆಸಾಮಿ ಪೇಟೆಬೀದಿಯ ತಿರುವಿನಲ್ಲಿ ಮಾಯ. ರುಮಾಲನ್ನು ಮನೆಯಲ್ಲಿ ಸುತ್ತಲಾರಂಭಿಸಿ ಬೀದಿಯಲ್ಲಿ ಮುಗಿಸುವುದು ಅವರ ಪದ್ಧತಿ. ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ಎಡಗಡೆಯಿಂದ ಸಮವಾಗಿಯೇ ಹೊರಡುತ್ತಿದ್ದವು. ಬಲಗಡೆ ತಲುಪುವ ಹೊತ್ತಿಗೆ ಒಂದರ ಮೇಲೊಂದು ಹತ್ತಿರುತ್ತಿದ್ದವು. ಅವರ ಹೆಂಡತಿ ಕೋಟಿಗೆ ತಪ್ಪದೆ ಗುಂಡಿ ಹೊಲಿದುಕೊಡುತ್ತಿದ್ದರು, ಅವರು ತಪ್ಪದೆ ಅದನ್ನು ಹಾಕದೆ ಬಿಡುತ್ತಿದ್ದರು.

ನಾನು ಆ ಊರಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಹೋದದ್ದು ಐವತ್ತಾರನೆಯ ಇಸವಿಯ ಮಳೆಗಾಲದ ಮೊದಲಿಗೆ. ಬಾಡಿಗೆಗೊಂದು ಕೋಣೆ ಹುಡುಕುತ್ತ ಅವರ ಜವಳಿ ಅಂಗಡಿಯ ಮುಂದೆ ನಿಂತು, "ತಮ್ಮ ಮನೆಯಲ್ಲಿ ಒಂದು ಕೋಣೆ..." ಎನ್ನುವಷ್ಟರಲ್ಲಿ ಉತ್ತರ ಬಂದಾಗಿತ್ತು.

"ಐತೆ. ಪಡಸಾಲೆ ಪಕ್ಕದ್ದು. ಊಟ ನಮ್ಮಲ್ಲೇ. ಬೀಡಿ ಸಿಗರೇಟು ನಡಿಯಾದಿಲ್ಲ. ಆಯ್ತಲ್ಲ, ಮುಂದೆ?"

ಮುಂದೆ ಕೇಳಲು ನನಗೇನೂ ಉಳಿದಿರಲಿಲ್ಲ. "ಆಯ್ತಲ್ಲ, ಮುಂದೆ?" ಎಂಬುದು ಅವರ ನಾಲಗೆಯ ಮೇಲೆ ಬಿಡಾರ ಹೂಡಿದ್ದ ಮಾತು. ಸೀರೆ ಆರಿಸಲಾಗದೆ ಒದ್ದಾಡುವ ಹೆಂಗಸರಿಗೂ ಅದೇ, ಪುರಾಣ ಹೇಳುವ ಶಾಸ್ತ್ರಿಗಳಿಗೂ ಅದೇ. ಒಮ್ಮೆ ಸಾವಿನ ಮನೆಯಲ್ಲಿ ಒಂದು ಗಳಿಗೆ ತಲೆ ತಗ್ಗಿಸಿ ಕೂತು ಮೇಲೆದ್ದಾಗ ಈ ಮಾತು ತುಟಿಯವರೆಗೆ ಬಂದು, ಅವರು ಅದನ್ನು ಕೆಮ್ಮಿನೊಳಗೆ ನುಂಗಿಕೊಂಡದ್ದನ್ನು ನಾನು ಪಕ್ಕದಲ್ಲೇ ನಿಂತು ಕಂಡಿದ್ದೇನೆ. ಹಾಗೆಂದು ಅವರು ಕಠಿಣ ಮನುಷ್ಯರೇನಲ್ಲ. ಬಟ್ಟೆ ಅಳೆಯುವಾಗಲೂ ಇದೇ ಅವಸರವಾದ್ದರಿಂದ ಗಜಕ್ಕೆ ನಾಲ್ಕು ಬೆರಳು ಹೆಚ್ಚೇ ಹೋಗುತ್ತಿತ್ತು, ಹೀಗಾಗಿ ಸಂತೆಯ ದಿನ ಅವರ ಅಂಗಡಿಯ ಮುಂದೆ ಜನ ಮುತ್ತಿಕೊಳ್ಳುತ್ತಿತ್ತು.

ಒಮ್ಮೆ ಸೊರಬ ತಾಲೂಕಿನ ಉಳವಿಯ ನೆಂಟರ ಮನೆಯ ಮದುವೆಗೆ ಜವಳಿ ಮುಟ್ಟಿಸಲು ಸೊರಬದಿಂದ ಬಸ್ಸು ಹತ್ತಿದರಂತೆ. ದಾರಿಯಲ್ಲಿ ಬಸ್ಸಿನ ಎಂಜಿನ್ನು ಕಾದು ನಿಂತಿತು. ಡ್ರೈವರು ಹಳ್ಳದಿಂದ ನೀರು ತರುವಷ್ಟು ವ್ಯವಧಾನವೂ ಇಲ್ಲದೆ ಇವರು ಇಳಿದು ನಡೆದೇಬಿಟ್ಟರು. ಊರನ್ನೇನೋ ಬಸ್ಸಿಗಿಂತ ಮೊದಲೇ ಮುಟ್ಟಿದರು, ಆದರೆ ಜವಳಿಯ ಗಂಟು ಬಸ್ಸಿನಲ್ಲೇ ಇತ್ತು. ಮದುವೆಯ ಮನೆಯವರು ಬರಿಗೈಯಲ್ಲಿ ಬಂದ ಜವಳಿ ಸಾಹುಕಾರರನ್ನು ಚಪ್ಪರದಲ್ಲಿ ಕೂರಿಸಿ, ಹಿಂದಿನಿಂದ ನಿಧಾನವಾಗಿ ಬಂದ ಗಂಟಿಗೆ ಹೆಚ್ಚಿನ ಉಪಚಾರ ಮಾಡಿದರೆಂದು ಅವರೇ ನಗುತ್ತ ಹೇಳುತ್ತಿದ್ದರು.

ಇಂಥ ಮನುಷ್ಯನಿಗೆ ದೇವರು ಗಂಟು ಹಾಕಿದ್ದು ಅಕ್ಕನಾಗಮ್ಮನವರನ್ನು. ಆಕೆಗೆ ಚಿಕ್ಕಂದಿನಲ್ಲಿ ಬಲಗಾಲಿನ ಮೇಲೆ ಗಾಡಿಯ ಚಕ್ರ ಹಾದಿತ್ತು; ಮೂಳೆ ಕೂಡಿದರೂ ಪಾದ ಸೊಟ್ಟಗೇ ಉಳಿಯಿತು. ಒಂದು ಹೆಜ್ಜೆ ಇಟ್ಟು, ಆ ಹೆಜ್ಜೆ ನಿಂತಿತೆಂದು ಮನದಟ್ಟಾದ ಮೇಲೆ ಮತ್ತೊಂದನ್ನು ಇಡುವ ನಡಿಗೆ ಆಕೆಯದು. ಗಂಡಹೆಂಡತಿ ಜೊತೆಯಾಗಿ ಮನೆಯಿಂದ ಹೊರಟರೆ ಎರಡನೆಯ ಮನೆ ದಾಟುವುದರೊಳಗೆ ಅವರ ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗ. ಆಗ ಪರಮಶಿವಪ್ಪನವರು ತಿರುಗಿ ಕೂಗುತ್ತಿದ್ದ ಮಾತು ಬೀದಿಗೆಲ್ಲ ಬಾಯಿಪಾಠವಾಗಿತ್ತು.

"ನೀ ನಿಧಾನ ಬಾ. ನಾನು ಮುಂದೆ ಹೋಗಿ ಜಾಗ ಹಿಡೀತೀನಿ."

ಹಿಡಿಯುತ್ತಲೂ ಇದ್ದರು. ಮದುವೆಯ ಪಂಕ್ತಿಯಲ್ಲಿ ಪಕ್ಕದ ಎಲೆಯ ಮುಂದೆ ತಮ್ಮ ಹೆಗಲ ವಲ್ಲಿ ಹಾಸಿ, ಕೂರಬಂದವರನ್ನೆಲ್ಲ ಎಬ್ಬಿಸಿ ಕಳಿಸುತ್ತಿದ್ದರು. ಅಕ್ಕನಾಗಮ್ಮನವರು ಬಂದು ಕೂರುವ ಹೊತ್ತಿಗೆ ಪಾಯಸದ ಪಾತ್ರೆ ಎರಡು ಸುತ್ತು ತಿರುಗಿ ಒಳಗೆ ಹೋಗಿರುತ್ತಿತ್ತು, ಇವರು ಕೈತೊಳೆದು ಎದ್ದಾಗಿರುತ್ತಿತ್ತು.

ಅದೇ ವರ್ಷ ನವರಾತ್ರಿಯ ವ್ಯಾಪಾರ ಮುಗಿದೊಡನೆ ಅವರಿಬ್ಬರೂ ಯಾತ್ರಿಕರ ತಂಡವೊಂದರ ಜೊತೆ ಕೇದಾರಕ್ಕೆ ಹೊರಟರು. ವೀರಶೈವರಿಗೆ ಹಿಮವತ್ಕೇದಾರವೆಂದರೆ ಪಂಚಪೀಠಗಳಲ್ಲೊಂದು. ಅಕ್ಕನಾಗಮ್ಮನವರಿಗಂತೂ ಅದು ತೌರಿನಲ್ಲಿ ಅಜ್ಜಿಯ ಬಾಯಿಂದ ಹೆಸರು ಕೇಳಿದಂದಿನಿಂದ ಎದೆಯಲ್ಲಿಟ್ಟುಕೊಂಡ ಆಸೆ. ಪರಮಶಿವಪ್ಪನವರು ಮಾತ್ರ ದೀಪಾವಳಿಯ ವ್ಯಾಪಾರಕ್ಕೆ ಮರಳಿ ಅಂಗಡಿಯಲ್ಲಿರಬೇಕೆಂದು ದಿನಗಳನ್ನು ಬಿಗಿದು ಕಟ್ಟಿಕೊಂಡೇ ಹೊರಟಿದ್ದರು. ಗೌರಿಕುಂಡದಿಂದ ಮೇಲಕ್ಕೆ ಕಾಲುದಾರಿ. ಆಕೆಯನ್ನು ಬೆನ್ನಿನ ಬುಟ್ಟಿಯಲ್ಲಿ ಕೂರಿಸಿ ಹೊರುವ ಕೂಲಿಯವನನ್ನು ಗೊತ್ತುಮಾಡಿದರು. ಅವನ ಹೆಜ್ಜೆಯೂ ಇವರಿಗೆ ಸಾಲದಾಯಿತು. ನಡುದಾರಿಯಲ್ಲಿ ಯಾತ್ರಿಕರು ತಂಗುವ ಚಟ್ಟಿಯೊಂದರ ಬಳಿ ಕೂಲಿಯವನು ಬುಟ್ಟಿಯಿಳಿಸಿ ಬೀಡಿ ಹಚ್ಚಿದ. ಇವರು ಅದೇ ಹಳೆಯ ಮಾತನ್ನು ಆಡಿ, ಮುಂದೆ ಹೋಗಿ, ಮೇಲಿನ ಛತ್ರದಲ್ಲಿ ಎರಡು ಕಂಬಳಿಯ ಜಾಗ ಹಿಡಿದು, ಹೇಗೂ ಬಾಗಿಲು ತೆರೆದಿದೆಯೆಂದು ದರ್ಶನವನ್ನೂ ಮುಗಿಸಿಕೊಂಡರು. ಅಷ್ಟರಲ್ಲಿ ಹಿಮ ಬೀಳತೊಡಗಿತು, ಕೂಲಿಯವನು ಚಟ್ಟಿ ಬಿಟ್ಟು ಏಳಲೇ ಇಲ್ಲ. ಬೆಳಗಾಗುವ ಹೊತ್ತಿಗೆ ದಾರಿಯೇ ಇರಲಿಲ್ಲ. ಬುಟ್ಟಿ ಹೊರುವವರು ಮೇಲೆ ಬರಲು ಒಪ್ಪಲಿಲ್ಲ, ತಂಡದವರು ಕೆಳಗಿಳಿಯಲು ಅವಸರಪಟ್ಟರು. ಅರ್ಧ ದಾರಿಯಲ್ಲಿ, ಹೊಗೆ ತುಂಬಿದ ಚಟ್ಟಿಯೊಳಗೆ, ಕಂಬಳಿ ಹೊದ್ದು ಕೇದಾರದ ದಿಕ್ಕಿಗೆ ಮುಖಮಾಡಿ ಕೂತಿದ್ದ ಅಕ್ಕನಾಗಮ್ಮನವರು ದರ್ಶನವಿಲ್ಲದೆ ಮರಳಬೇಕಾಯಿತು.

ಊರಿಗೆ ಬಂದ ಮೇಲೆ ಆಕೆ ಕೂಗಾಡಲಿಲ್ಲ, ಅಳಲಿಲ್ಲ, ರೊಟ್ಟಿಗೆ ಬೆಣ್ಣೆ ಹಚ್ಚುವುದನ್ನೂ ಮರೆಯಲಿಲ್ಲ. ಗಂಡನ ಜೊತೆ ಹೊಸ್ತಿಲು ದಾಟುವುದನ್ನು ಮಾತ್ರ ಬಿಟ್ಟುಬಿಟ್ಟರು. ಮದುವೆಯಿರಲಿ, ಮಠವಿರಲಿ, "ನೀವು ಮುಂದೆ ಹೋಗ್ರಿ, ನಾನು ಆಮೇಲೆ ಬರ್ತೀನಿ" ಎಂದು ಒಳಗೇ ಉಳಿದು, ಪಕ್ಕದ ಮನೆಯ ಸುಂಕಲಮ್ಮನ ಜೊತೆ ತಮ್ಮ ಪಾಡಿಗೆ ಹೋಗಿಬರುತ್ತಿದ್ದರು. ಇಷ್ಟು ಮೆತ್ತಗಿನ ಶಿಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೀದಿಯಲ್ಲಿ ಅಭ್ಯಾಸಬಲದಿಂದ ಹಿಂದಿರುಗಿ ಕೂಗಲು ಬಾಯಿ ತೆರೆದು, ಹಿಂದೆ ಯಾರೂ ಇಲ್ಲದ್ದನ್ನು ಕಂಡು ಪರಮಶಿವಪ್ಪನವರು ಬಾಯಿ ಮುಚ್ಚಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಅವರು ಕೇದಾರದಿಂದ ಬರಿಗೈಯಲ್ಲೇನೂ ಬಂದಿರಲಿಲ್ಲ. ಹಿಮದಲ್ಲಿ ಇಳಿದು ಬರುವಾಗ ಜಾರಿ ಮೊಣಕಾಲೂರಿದ ಕಡೆ, ಬಂಡೆಯ ಬಿರುಕಿನಲ್ಲಿ, ಹುಣಸೆಬೀಜದಷ್ಟು ಗಾತ್ರದ ಒಂದು ಗಿಡ ಕಣ್ಣಿಗೆ ಬಿತ್ತಂತೆ. ಗಿಡವೆನ್ನುವುದಕ್ಕೆ ಕಾಂಡವಿಲ್ಲ, ರೆಂಬೆಯಿಲ್ಲ. ರಾಗಿಕಾಳಿನಷ್ಟು ಸಣ್ಣ ಎಲೆಗಳು ಒತ್ತೊತ್ತಾಗಿ ಅಂಟಿಕೊಂಡು ಪುಟ್ಟ ದಿಂಬಿನಂತೆ ಉಬ್ಬಿದ್ದವು. ಕೈಗೆ ಸಿಕ್ಕ ಚೂಪುಗಲ್ಲಿನಿಂದ ಅದನ್ನು ಬೇರುಸಹಿತ ಎಬ್ಬಿಸಿ, ನಶ್ಯದ ಡಬ್ಬಿಯನ್ನು ಹಿಮದ ಮೇಲೆ ಕೊಡವಿ ಬರಿದುಮಾಡಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟು ತಂದಿದ್ದರು. ಅಷ್ಟು ದೂರದ ರೈಲು ಪ್ರಯಾಣದಲ್ಲಿ ನಶ್ಯವಿಲ್ಲದೆ ಇದ್ದರೆಂಬುದೇ ಅವರನ್ನು ಬಲ್ಲವರಿಗೆ ದೊಡ್ಡ ಸುದ್ದಿ.

ಬಾವಿಕಟ್ಟೆಯ ಉತ್ತರಕ್ಕೆ, ಬಿಸಿಲು ತಾಗದ ಗೋಡೆಯ ಮಗ್ಗುಲಲ್ಲಿ, ತಳ ತೂತಾದ ಹಳೆಯ ಒರಳೊಂದಿತ್ತು. ಅದಕ್ಕೆ ಕಲ್ಲಿನ ಚೂರು ತುಂಬಿ, ನಡುವೆ ಆ ಗಿಡವನ್ನು ನೆಟ್ಟು, ಹೆಂಡತಿಯನ್ನು ಕರೆದರು.

"ನೋಡೇ ಇಲ್ಲಿ. ಕೇದಾರನೇ ನಿನ್ನ ಮನೀಗೆ ಬಂದಾನೆ. ಮುಂದಿನ ವರ್ಷ ನಿನ್ನೇ ಕರ್ಕೊಂಡು ಹೋಗ್ತೀನಿ. ಆಯ್ತಲ್ಲ, ಮುಂದೆ?"

ಅಕ್ಕನಾಗಮ್ಮನವರು ಗಿಡವನ್ನು ನೋಡಿದರು, ಗಂಡನ ಮುಖವನ್ನು ನೋಡಿದರು. ಎಡಗೈಯಿಂದ ಒಂದು ಹಸಿರು ಗಾಜಿನ ಬಳೆ ಬಿಡಿಸಿ, ಬಾಗಿ, ಗಿಡದ ಸುತ್ತ ಕಲ್ಲುಚೂರಿನ ಮೇಲೆ ಇಟ್ಟರು.

"ಇದು ಬೆಳೆದು ಈ ಬಳೆ ತುಂಬ್ಲಿ. ಆವತ್ತು ಕರೀರಿ, ಬರ್ತೀನಿ."

ಪರಮಶಿವಪ್ಪನವರಿಗೆ ಹೋದ ಜೀವ ಬಂದಂತಾಯಿತು. ಅವರಿಗೆ ಗೊತ್ತಿದ್ದ ಗಿಡಗಳೆಂದರೆ ನೆಟ್ಟ ಎರಡು ತಿಂಗಳಿಗೆ ಹೆಂಚಿನ ಮೇಲೆಲ್ಲ ಹಬ್ಬುವ ಹೀರೆ, ಕುಂಬಳ, ಅವರೆ. ಅಂಗೈಯಷ್ಟೂ ಇಲ್ಲದ ಒಂದು ಬಳೆ ತುಂಬಲು ಎಷ್ಟು ಹೊತ್ತು? "ಯುಗಾದಿಯೊಳಗೆ ತುಂಬಿಸ್ತೀನಿ ನೋಡ್ರಿ ಮೇಷ್ಟ್ರೇ" ಎಂದು ನನ್ನ ಹತ್ತಿರ ಪಣ ತೊಟ್ಟರು. ಮೇಲೊಂದು ಕೋಲು ಕಟ್ಟಿ, ಶಿವನ ಗುಡಿಯಲ್ಲಿ ಲಿಂಗದ ಮೇಲೆ ಹನಿ ಹನಿ ನೀರು ಬೀಳಲು ತೂಗಹಾಕುವ ಧಾರಾಪಾತ್ರೆಯಂತೆ, ತೂತು ಕೊರೆದ ಮಣ್ಣಿನ ಗಡಿಗೆಯೊಂದನ್ನು ತೂಗಹಾಕಿದರು. ಯಾವಾಗಲೂ ತಂಪಿನಲ್ಲಿದ್ದ ಜೀವಕ್ಕೆ ತಂಪು ಬೇಕೆಂದು ಅವರಿಗೆ ತೋಚಿದ್ದು ಅವರ ಪುಣ್ಯ.

ಆದರೆ ಅವಸರ ಅವರನ್ನು ಬಿಡಬೇಕಲ್ಲ. ವಾರ ಕಳೆದರೂ ಗಿಡ ಬೆಳೆಯದ್ದನ್ನು ಕಂಡು ಶೇಂಗಾ ಹಿಂಡಿ ನೆನೆಸಿದ ನೀರು ಸುರಿದರು. ಬೆಳೆಯುವ ಬದಲು ಒಂದು ಮಗ್ಗುಲು ಕಂದಿ ಕಪ್ಪಾಯಿತು. ಹೌಹಾರಿ ಒರಳನ್ನೆಲ್ಲ ತೊಳೆದು, ಕಲ್ಲು ಬದಲಿಸಿ, ಆಮೇಲೆ ಮೂರು ದಿನ ಊಟದ ರುಚಿಯೇ ಇಲ್ಲದವರಂತೆ ತಿರುಗಿದರು. ಯುಗಾದಿ ಬಂತು, ಹೋಯಿತು. ಗಿಡ ಹುಣಸೆಬೀಜವಾಗಿ ಬಂದದ್ದು ಹುಣಸೆಬೀಜವಾಗಿಯೇ ಇತ್ತು. ಬಳೆ ಅದರ ಸುತ್ತ, ಕಣಿವೆಯೂರಿನ ಸುತ್ತ ಬೆಟ್ಟವಿದ್ದಂತೆ, ಬಲು ದೂರದಲ್ಲಿತ್ತು.

ಇದರ ನಡುವೆ ಇನ್ನೊಂದು ಅವಾಂತರ. ಸುಂಕಲಮ್ಮ ಒಂದು ಸೋಮವಾರ ನೀರಿಗೆ ಬಂದವಳು ಒರಳನ್ನು ಕಂಡಳು, ಅದರ ಮೇಲೆ ತೂಗುವ ಗಡಿಗೆಯನ್ನು ಕಂಡಳು, ಹನಿಯುತ್ತಿರುವ ನೀರಿನ ಕೆಳಗೆ ದುಂಡಗೆ ಉಬ್ಬಿದ್ದನ್ನು ಕಂಡಳು. ಕೇದಾರದಿಂದ ಬಂದದ್ದೆಂದು ಮೊದಲೇ ಕೇಳಿದ್ದಳು. ಇನ್ನು ಅನುಮಾನವೆಲ್ಲಿ? ಮನೆಗೆ ಓಡಿ ವಿಭೂತಿ, ಪತ್ರೆ, ಅರ್ಧ ಲೋಟ ಹಾಲು ತಂದು, ಗಿಡಕ್ಕೆ ಅಭಿಷೇಕ ಮಾಡಿ, ಗಟ್ಟಿಯಾಗಿ ವಿಭೂತಿ ಬಳಿದು, ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು. ಅಂಗಡಿಯಿಂದ ಊಟಕ್ಕೆ ಬಂದ ಪರಮಶಿವಪ್ಪನವರು ಬೆಳ್ಳಗಾಗಿ ಕೂತಿದ್ದ ಗಿಡವನ್ನು ನೋಡಿದರು.

"ಏನು ಮಾಡ್ದಿ ಸುಂಕಲಮ್ಮ! ಅದು ಲಿಂಗ ಅಲ್ಲ, ಗಿಡ!"

"ಗಿಡಕ್ಕೆ ಯಾರಾದ್ರೂ ಧಾರಾಪಾತ್ರೆ ಕಟ್ತಾರೇನ್ರೀ ಯಜಮಾನ್ರೇ? ಕಟ್ಟಿದ್ದು ನಿಮ್ಮ ತಪ್ಪು, ಕೈಮುಗಿದಿದ್ದು ನನ್ನ ತಪ್ಪಲ್ಲ" ಎಂದಳು ಆಕೆ, ಸ್ವಲ್ಪವೂ ಅಳುಕದೆ.

ಪರಮಶಿವಪ್ಪನವರು ಕೋಟು ಕಳಚಿಟ್ಟು, ನೆಲದ ಮೇಲೆ ಕೂತು, ಹತ್ತಿಯ ಬತ್ತಿಯೊಂದನ್ನು ನೀರಿನಲ್ಲಿ ಅದ್ದಿ, ಆ ರಾಗಿಕಾಳಿನಂಥ ಎಲೆಗಳ ಸಂದಿಯಿಂದ ವಿಭೂತಿಯನ್ನು ಕಣ ಕಣವಾಗಿ ಬಿಡಿಸತೊಡಗಿದರು. ಮಧ್ಯಾಹ್ನ ಇಳಿಯಿತು. ಅಂಗಡಿಯ ಆಳು ಎರಡು ಸಲ ಬಂದು ಕರೆದುಹೋದ. ಇವರು ಏಳಲಿಲ್ಲ. ಕಾಫಿಯನ್ನು ಕೂತು ಕುಡಿದವರಲ್ಲ, ಅಂಥವರು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ಆ ಮನೆಯ ಗೋಡೆಗಳು ಮೊದಲ ಸಲ ಕಂಡಿರಬೇಕು. ಅಡುಗೆಮನೆಯ ಬಾಗಿಲಲ್ಲಿ ಅಕ್ಕನಾಗಮ್ಮನವರು ಅವರನ್ನು ನೋಡುತ್ತ ನಿಂತಿದ್ದರು. ನಾನು ನೋಡಿದ್ದನ್ನು ಕಂಡು ಒಳಗೆ ಹೋದರು.

ಅಲ್ಲಿಂದ ಮುಂದೆ ಅವರ ದಿನಚರಿ ಬದಲಾಯಿತು, ಅಥವಾ ಆ ಗಿಡ ಅದನ್ನು ಬದಲಿಸಿತು. ಬೇಸಿಗೆಯಲ್ಲಿ ಗಡಿಗೆ ಬಲುಬೇಗ ಬರಿದಾಗುತ್ತಿತ್ತು; ತುಂಬುತ್ತಿರಬೇಕು. ಸೊರಬದ ಕಡೆಯಿಂದ ಲಾವಂಚ ತರಿಸಿ ತಟ್ಟಿ ಹೆಣೆಸಿ ಸುತ್ತ ಕಟ್ಟಿದರು. ಅದಕ್ಕೆ ನೀರು ಚಿಮುಕಿಸುತ್ತಿರಬೇಕು. ದಾವಣಗೆರೆಗೆ ಸರಕು ತರಲು ಹೋದರೆ ಅದೇ ದಿನ ಮರಳಬೇಕು. ಉರಿಬಿಸಿಲಿನ ಮಧ್ಯಾಹ್ನ ಬೀಸಣಿಗೆ ಹಿಡಿದು ಒರಳಿನ ಪಕ್ಕ ಕೂತ ಜವಳಿ ಸಾಹುಕಾರರನ್ನು ನೋಡಿ ಪೇಟೆ ನಕ್ಕಿತು. ನಾನೂ ನಕ್ಕಿದ್ದೇನೆ. ಆದರೆ ಅವರು ಕೂತಲ್ಲಿಗೆ ಸ್ವಲ್ಪ ದೂರದಲ್ಲಿ, ಬಾವಿಕಟ್ಟೆಯ ಮೇಲೆ, ಅಕ್ಕನಾಗಮ್ಮನವರೂ ಮೊರ ಹಿಡಿದು ಅಕ್ಕಿ ಆರಿಸಲು ಬಂದು ಕೂರತೊಡಗಿದ್ದನ್ನು ಪೇಟೆಯವರು ನೋಡಿರಲಿಲ್ಲ.

"ಬೆಳೆದೈತೇನೇ?"

"ನಿನ್ನೆ ಇದ್ದಷ್ಟೇ ಐತ್ರಿ."

"ಈ ಕಡೆ ಸ್ವಲ್ಪ ಉಬ್ಬಿದಂಗೆ ಕಾಣ್ತೈತಲ್ಲ?"

"ಅದು ನಿಮ್ಮ ಕಣ್ಣು ಉಬ್ಬಿದ್ದು. ರಾತ್ರಿ ನಿದ್ದಿ ಮಾಡ್ರಿ ಅಂದ್ರೆ ಕೇಳಂಗಿಲ್ಲ."

ಇಷ್ಟೇ ಮಾತು, ದಿನಾ ಇದೇ ಮಾತು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತ ನನಗೆ ಅದು ಕೇಳುತ್ತಿತ್ತು, ಕೇಳಿ ಸುಖವಾಗುತ್ತಿತ್ತು. ಆದರೂ ಆಕೆ ಹೊಸ್ತಿಲಾಚೆಗೆ ಅವರ ಜೊತೆ ಬರುತ್ತಿರಲಿಲ್ಲ. ಮಾತು ಮಾತೇ, ಬಳೆ ಬಳೆಯೇ.

ಎರಡು ವರ್ಷ ಹೀಗೇ ಕಳೆಯಿತು. ಐವತ್ತೊಂಬತ್ತರ ಚಳಿಗಾಲದ ಕೊನೆಗೆ, ಶಿವಮೊಗ್ಗೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ನನ್ನ ಹಳೆಯ ಗುರು ಸದಾಶಿವಪ್ಪನವರು ಬಂದಳಿಕೆಯ ಗುಡಿಗಳನ್ನು ನೋಡಲೆಂದು ಬಂದವರು ನನ್ನ ಕೋಣೆಯಲ್ಲಿ ಇಳಿದುಕೊಂಡರು. ಊಟಕ್ಕೆ ಮೊದಲೇ ಪರಮಶಿವಪ್ಪನವರು ಅವರನ್ನು ಒರಳಿನ ಹತ್ತಿರ ಎಳೆದೊಯ್ದರು. ಗುರುಗಳು ಕನ್ನಡಕ ಒರೆಸಿಕೊಂಡು, ಮಂಡಿಯೂರಿ, ಬಹಳ ಹೊತ್ತು ನೋಡಿದರು.

"ಇದು ಈ ನೆಲದಲ್ಲಿ ಬದುಕಿರೋದೇ ಆಶ್ಚರ್ಯ. ಯಾರು ನೋಡಿಕೊಂಡರು ಇದನ್ನ?"

"ಅದಿರ್ಲಿ ಸಾರ್. ಈ ಬಳೆ ತುಂಬಾಕೆ ಇನ್ನೆಷ್ಟು ದಿನ ಬೇಕು, ಅದನ್ನ ಹೇಳ್ರಿ."

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು.

ಗುರುಗಳಿಗೆ ಬಳೆಯ ಕಥೆ ಗೊತ್ತಿರಲಿಲ್ಲ. ತರಗತಿಯಲ್ಲಿ ಹೇಳುವಂತೆಯೇ ಹೇಳಿದರು. ಆ ಎತ್ತರದಲ್ಲಿ ವರ್ಷದ ಬಹುಭಾಗ ಗಿಡ ಹಿಮದ ಅಡಿಯಲ್ಲಿರುತ್ತದೆ, ಬೆಳೆಯಲು ಸಿಗುವುದು ಎರಡು ಮೂರು ತಿಂಗಳ ಬಿಸಿಲು. ತಲೆಯೆತ್ತಿದರೆ ಗಾಳಿ ಕಿತ್ತೊಗೆಯುತ್ತದೆ. ಆದ್ದರಿಂದ ನೆಲಕ್ಕೆ ಅಂಟಿಕೊಂಡು, ಎಲೆಗೆ ಎಲೆ ಒತ್ತಿಕೊಂಡು, ಒಳಗಿನ ಕಾವನ್ನು ಹೊರಗೆ ಬಿಡದೆ ಬದುಕುತ್ತದೆ. "ವರ್ಷಕ್ಕೆ ಒಂದು ಎಳ್ಳಿನಗಲ ಬೆಳೆದರೆ ಹೆಚ್ಚು. ನೀವು ತಂದಾಗಲೇ ಇದಕ್ಕೆ ಏಳೆಂಟು ವರ್ಷ ಆಗಿರಬೇಕು. ಈ ಬಳೆ ತುಂಬೋಕೆ... ಇನ್ನೊಂದು ಇಪ್ಪತ್ತೈದು, ಮೂವತ್ತು ವರ್ಷ ಅಂತ ಇಟ್ಟುಕೊಳ್ಳಿ."

ಪರಮಶಿವಪ್ಪನವರಿಗೆ ಆಗಲೇ ಐವತ್ತು ದಾಟಿತ್ತು. ಅವರು ಆ ಮೂವತ್ತು ವರ್ಷವನ್ನು ಮೊದಲು ಕೇಳಿಸಿಕೊಳ್ಳಲೇ ಇಲ್ಲವೆಂದು ತೋರಿತು.

"ಏಳೆಂಟು ವರ್ಷ ಬೆಳೆದಿದ್ದನ್ನ ನಾನು ಒಂದೇ ಏಟಿಗೆ ಕಿತ್ತುಬಿಟ್ಟೆನಲ್ರೀ" ಎಂದರು.

ಸ್ವಲ್ಪ ಹೊತ್ತಿನ ಮೇಲೆ, "ಮೂವತ್ತು ವರ್ಷ" ಎಂದರು. ಆಮೇಲೆ, "ಆಯ್ತಲ್ಲ" ಎಂದರು. ನಾನು ಇನ್ನೊಂದು ಪದಕ್ಕಾಗಿ ಕಾದೆ. ಅದು ಬರಲಿಲ್ಲ. ಗಡಿಗೆಯಲ್ಲಿ ನೀರು ಕಡಿಮೆಯಾಗಿತ್ತು. ಎದ್ದು, ಬಾವಿಯಿಂದ ಸೇದಿ, ಚೆಲ್ಲದಂತೆ ಎಚ್ಚರಿಕೆಯಿಂದ ತುಂಬಿದರು. ಮೂವತ್ತು ವರ್ಷವೆಂದು ತಿಳಿದ ಮೇಲೂ ಆ ಮನುಷ್ಯ ಗಡಿಗೆ ತುಂಬಿದರಲ್ಲ, ಆ ಕ್ಷಣದಿಂದ ಅವರನ್ನು ಕಂಡು ನಗುವುದು ನನ್ನಿಂದ ಸಾಧ್ಯವಾಗಲಿಲ್ಲ. ಊಟಕ್ಕೆ ಬಡಿಸುವಾಗ ಅಕ್ಕನಾಗಮ್ಮನವರು ಗಂಡನ ತಟ್ಟೆಗೆ ಕೇಳದೆಯೇ ಎರಡು ಸಲ ಬೆಣ್ಣೆ ಹಾಕಿದ್ದು ಆಕೆಗೇ ಗೊತ್ತಿದ್ದಂತೆ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಗುರುಗಳನ್ನು ಬಸ್ಸು ಹತ್ತಿಸಿ ಬಂದು ನಾನು ಬಾವಿಯ ಹತ್ತಿರ ಮುಖ ತೊಳೆಯುತ್ತಿದ್ದೆ. ಪರಮಶಿವಪ್ಪನವರು ಎಂದಿನಂತೆ ಒರಳಿನ ಬಳಿ ಹೋಗಿ ಬಾಗಿದವರು ಹಾಗೆಯೇ ನಿಂತರು.

"ಬಳೆ ಎಲ್ಲೇ?"

"ನನ್ನ ಕೈಯಾಗೈತ್ರಿ" ಎಂದು ಒಳಗಿನಿಂದ ಉತ್ತರ ಬಂತು. "ಕೈ ಬೋಳು ಬೋಳು ಕಾಣ್ತಿತ್ತು. ಹಾಕ್ಕೊಂಡೆ."

"ಇಲ್ಲಿರೋದು ನಿನ್ನ ಕಾಲುಂಗುರ ಅಲ್ಲೇನೇ?"

"ಹೌದ್ರಿ."

ನಾನೂ ಹೋಗಿ ನೋಡಿದೆ. ಬಳೆ ಇದ್ದ ಜಾಗದಲ್ಲಿ ಬೆಳ್ಳಿಯದೊಂದು ಕಾಲುಂಗುರ. ಅದರೊಳಗೆ ಆ ಹಸಿರು ದಿಂಬು, ಸುತ್ತಲೂ ಬೆಳ್ಳಿಗೆ ತಾಗಿಕೊಂಡು, ಎಲ್ಲೂ ಸಂದಿಲ್ಲದೆ ಕೂತಿತ್ತು. ಎರಡು ಚಿಲ್ಲರೆ ವರ್ಷಗಳಲ್ಲಿ ಅದು ಬೆಳೆದದ್ದು ಎರಡು ಎಳ್ಳಿನಷ್ಟು. ಆ ಎರಡು ಎಳ್ಳಿಗೆ ಸರಿಯಾದ ಅಳತೆಯನ್ನು ಆಕೆ ಹುಡುಕಿ ತೆಗೆದಿದ್ದರು.

ಅಕ್ಕನಾಗಮ್ಮನವರು ಹೊರಗೆ ಬಂದು ಬಾಗಿಲ ಬಳಿ ನಿಂತರು. ಸೊಟ್ಟಗಿದ್ದ ಬಲಪಾದದ ಬೆರಳಿನಲ್ಲಿ ಉಂಗುರ ಇದ್ದ ಕಡೆ ಬೆಳ್ಳಗಿನ ಗೆರೆ ಕಾಣುತ್ತಿತ್ತು.

"ತುಂಬೈತೋ ಇಲ್ಲೋ ಸರಿಯಾಗಿ ನೋಡಿ ಹೇಳ್ರಿ. ಆಮೇಲೆ ನಾ ಮೋಸ ಮಾಡ್ದೆ ಅನ್ಬಾರ್ದು."

"ತುಂಬ... ತುಂಬೈತೆ."

"ಹಂಗಾದ್ರೆ ಯಾವಾಗ ಹೊರಡೋದು?"

ಯಾವ ಪ್ರಶ್ನೆಗೂ ಅದು ಮುಗಿಯುವ ಮೊದಲೇ ಉತ್ತರ ಕೊಡುತ್ತಿದ್ದ ಮನುಷ್ಯ ರುಮಾಲು ಬಿಚ್ಚಿ, ಅದರ ಅಂಚಿನಿಂದ ಕಣ್ಣೊರೆಸಿಕೊಂಡು, ಮತ್ತೆ ಸುತ್ತಿಕೊಂಡು, "ನೀನು ಹೇಳಿದಾಗ" ಎಂದರು.

ಮುತ್ತೈದೆ ಕಾಲುಂಗುರ ತೆಗೆದದ್ದಕ್ಕೆ ಸುಂಕಲಮ್ಮ ರಂಪ ಮಾಡಿ, ಅಕ್ಕಸಾಲಿಯಿಂದ ಅಂದೇ ಬೇರೆಯದನ್ನು ಮಾಡಿಸಿ ತೊಡಿಸಿದಳು. ಆ ಸಂಜೆ ಅಕ್ಕನಾಗಮ್ಮನವರು ನನ್ನ ಹತ್ತಿರ ಒಂದೇ ಮಾತು ಹೇಳಿದರು. "ಅದು ಇಷ್ಟು ನಿಧಾನ ಅಂತ ನನಗೇನು ಗೊತ್ತಿತ್ತು ಮೇಷ್ಟ್ರೇ? ಈ ಮನೀಗೆ ನಾನೇ ನಿಧಾನ ಅಂದ್ಕೊಂಡಿದ್ದೆ."

ಅಕ್ಷಯ ತದಿಗೆಯ ಆಸುಪಾಸಿನಲ್ಲಿ ಕೇದಾರದ ಬಾಗಿಲು ತೆರೆಯುತ್ತದೆ. ಹೊರಡುವ ಹಿಂದಿನ ದಿನ ಗಿಡವನ್ನೂ ಕರೆದೊಯ್ಯೋಣವೆಂದವರು ಅಕ್ಕನಾಗಮ್ಮನವರೇ. "ಅದಕ್ಕೂ ತೌರು ನೋಡ್ಬೇಕು ಅನ್ಸಂಗಿಲ್ಲೇನ್ರಿ? ನಮ್ಮ ಬಿಸಿಲು ಎಷ್ಟು ವರ್ಷ ಅಂತ ತಡಕಂಡೀತು?" ಪರಮಶಿವಪ್ಪನವರ ಮುಖ ಸಣ್ಣಗಾಯಿತು. ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ತಂದೆಯಂದಿರು ಮಾಡುವಂತೆ ಏನೇನೋ ಕೆಲಸ ಹುಡುಕಿಕೊಂಡು ಓಡಾಡಿ, ಕೊನೆಗೆ ಒಪ್ಪಿದರು.

ಬೆಳಗಿನ ಹರಿಹರದ ಬಸ್ಸಿಗೆ ಅವರನ್ನು ಕಳಿಸಲು ನಾನೂ ಹೋಗಿದ್ದೆ. ಪೇಟೆಯವರು ಅಂಗಡಿಯ ಹಲಗೆ ತೆಗೆಯುವುದನ್ನು ಬಿಟ್ಟು ನೋಡುತ್ತಿದ್ದರು. ಬೀದಿಯ ನಡುವೆ ಅಕ್ಕನಾಗಮ್ಮನವರು ಒಂದು ಹೆಜ್ಜೆ ಇಟ್ಟು, ಅದು ನಿಂತ ಮೇಲೆ ಇನ್ನೊಂದು ಹೆಜ್ಜೆ ಇಡುತ್ತ ಬರುತ್ತಿದ್ದರು. ಅವರ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ, ಒದ್ದೆ ಬಟ್ಟೆಯೊಳಗೆ ಗಿಡವಿದ್ದ ತಾಮ್ರದ ಚೊಂಬನ್ನು ಎರಡು ಕೈಯಲ್ಲೂ ಹಿಡಿದು ಪರಮಶಿವಪ್ಪನವರು. ಕೋಟಿನ ಗುಂಡಿಗಳೆಲ್ಲ ಹಾಕಿದ್ದವು. ಕಾಲು ಮುಂದಕ್ಕೆ ಹಾರಲು ನೋಡುವುದು, ಅವರು ಅದನ್ನು ತಡೆಯುವುದು, ಚೊಂಬಿನ ನೀರು ಕುಲುಕುವುದು. ಆ ಮನುಷ್ಯ ನಿಧಾನವಾಗಿ ನಡೆಯಲು ಪಟ್ಟ ಶ್ರಮ ಬೇರೆಯವರು ಬೆಟ್ಟ ಹತ್ತಲು ಪಡುವುದಿಲ್ಲ. ಬಸ್ಸಿನ ಕಂಡಕ್ಟರು ಬಾಗಿಲು ಬಡಿದ.

"ಯಜಮಾನ್ರೇ, ನೀವಾದ್ರೂ ಬೇಗ ಬಂದು ಸೀಟು ಹಿಡೀರಿ!"

"ತಡಿಯೋ ಮಾರಾಯ" ಎಂದರು ಪರಮಶಿವಪ್ಪನವರು. "ಅವಳು ಬರ್ತಾ ಅದಾಳೆ."

"ತಡಿ" ಎಂಬ ಪದ ಆ ಬಾಯಲ್ಲಿ ಬಂದದ್ದನ್ನು ಶಿರಾಳಕೊಪ್ಪ ಅಂದು ಮೊದಲ ಸಲ ಕೇಳಿತು. ಕಂಡಕ್ಟರು ಎಂಜಿನ್ನು ನಿಲ್ಲಿಸಹೇಳಿ ಕಾದ.

ಮರಳಿ ಬಂದ ದಿನ, ಅವರಿನ್ನೂ ಕೈಕಾಲು ತೊಳೆಯುವ ಮೊದಲೇ, ಕೇದಾರ ಹೇಗಿತ್ತೆಂದು ಕೇಳಿದೆ.

"ಅವಳನ್ನ ಕೇಳ್ರಿ" ಎಂದರು. "ನಾನು ಹಿಂದೆ ನಿಂತಿದ್ದೆ. ಜನ ಅಂದ್ರೆ ಜನ. ನನಗೆ ಕಂಡಿದ್ದು ಇವಳ ಸೆರಗು ಅಷ್ಟೇ."

ಹೇಳುವಾಗ ಅವರ ಮುಖದಲ್ಲಿದ್ದ ತೃಪ್ತಿಯನ್ನು ನಾನು ಹಲವು ಯಾತ್ರಿಕರ ಮುಖದಲ್ಲಿ ಹುಡುಕಿದ್ದೇನೆ, ಸಿಕ್ಕಿಲ್ಲ. ಗಿಡವನ್ನು ಅದೇ ಬಂಡೆಯ ಅದೇ ಬಿರುಕಿನಲ್ಲಿ ನೆಟ್ಟು ಬಂದಿದ್ದರು. ಕಾಲುಂಗುರ ಬಿಡಿಸಲು ನೋಡಿದರಂತೆ; ಎಲೆಗಳು ಆಗಲೇ ಬೆಳ್ಳಿಯ ಮೇಲೆ ಹತ್ತಿದ್ದವು, ಎಳೆದರೆ ನೋಯಬಹುದೆಂದು ಹಾಗೆಯೇ ಬಿಟ್ಟರಂತೆ. "ಇರ್ಲಿ ಬಿಡ್ರಿ, ತೌರಿಗೆ ಹೋದೋಳಿಗೆ ಒಂದು ಒಡವೆ" ಎಂದರು ಅಕ್ಕನಾಗಮ್ಮನವರು.

ಇದಾಗಿ ಮೂವತ್ತು ವರ್ಷದ ಮೇಲಾಯಿತು. ನನಗೆ ಆ ಊರಿನಿಂದ ವರ್ಗವಾಗಿ ಎಷ್ಟೋ ಕಾಲವಾಯಿತು, ಅವರಿಬ್ಬರೂ ಈಗಿಲ್ಲ. ಗುರುಗಳು ಹೇಳಿದ ಅಳತೆ ನಿಜವಾದರೆ, ಯಾರ ಕಾಲೂ ತುಳಿಯದಿದ್ದರೆ, ಆ ಗಿಡ ಉಂಗುರವನ್ನು ಎಂದೋ ಒಳಗೆ ಮುಚ್ಚಿಕೊಂಡು ಈಗ ಹೆಚ್ಚುಕಡಿಮೆ ಒಂದು ಗಾಜಿನ ಬಳೆಯಷ್ಟಾಗಿರಬೇಕು.

ಅವಸರದ ಜನರನ್ನು ನಾವು ಸುಲಭವಾಗಿ ಪ್ರೀತಿಯಿಲ್ಲದವರೆಂದು ತಿಳಿದುಬಿಡುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಮುಂದೆ ಓಡಿ ನಮಗಾಗಿ ಜಾಗ ಹಿಡಿಯುವುದನ್ನೇ ಅವರು ಪ್ರೀತಿಯೆಂದು ನಂಬಿರುತ್ತಾರೆ. ವಲ್ಲಿ ಹಾಸಿ, ಬಂದವರೊಡನೆಲ್ಲ ಜಗಳವಾಡಿ, ಆ ಜಾಗವನ್ನು ಪ್ರಾಣದಂತೆ ಕಾಯುತ್ತಾರೆ. ಅದರಲ್ಲಿ ಕೂರಬೇಕಾದವರು ಇನ್ನೂ ದಾರಿಯಲ್ಲಿ ಒಬ್ಬರೇ ಇದ್ದಾರೆಂಬುದು ಮಾತ್ರ ಅವರ ಲಕ್ಷ್ಯಕ್ಕೆ ಬರುವುದಿಲ್ಲ. ಅಂಥವರಲ್ಲಿ ಬಹುಮಂದಿ ಜಾಗ ಕಾಯುತ್ತಲೇ ಮುಗಿದುಹೋಗುತ್ತಾರೆ. ಎಲ್ಲೋ ಒಬ್ಬರಿಗೆ, ಯಾರದೋ ಕೃಪೆಯಿಂದ, ಹಿಂದಿರುಗಿ ಬಂದು ಜೊತೆಯಲ್ಲಿ ನಡೆಯುವಷ್ಟು ಹೊತ್ತು ಸಿಗುತ್ತದೆ.